ಗದ್ದಲವೂ ರಸವೂ

ನಾಟಕಶಾಲೆ ಏಕೆ ಹುಟ್ಟಿತು ಎಂಬ ಪ್ರಶ್ನೆಗೆ ಭರತನ ನಾಟ್ಯಶಾಸ್ತ್ರ ಕೊಡುವ ಉತ್ತರ ಬಹು ಸ್ವಾರಸ್ಯವಾದುದು: ಪ್ರೇಕ್ಷಕರ ಗದ್ದಲದಿಂದ. ಇಂದ್ರಧ್ವಜದ ಉತ್ಸವದಲ್ಲಿ ಮೊತ್ತಮೊದಲ ಪ್ರಯೋಗ ನಡೆದಾಗ ನಾಟ್ಯಕ್ಕೆಂದು ಮಂದಿರವಿರಲಿಲ್ಲ. ಆಡಿದ ಕಥೆ ದೇವತೆಗಳು ದೈತ್ಯರನ್ನು ಗೆದ್ದುದು. ನೋಡಬಂದವರಲ್ಲಿ ದೈತ್ಯರೂ ಇದ್ದರು. ತಮ್ಮ ಸೋಲೇ ಆಟವಾಗಿ ಕಣ್ಮುಂದೆ ಬರುವುದನ್ನು ಕಂಡು ಕೆರಳಿದ ಅವರು ವಿರೂಪಾಕ್ಷನ ಮುಂದಾಳುತನದಲ್ಲಿ ವಿಘ್ನಗಳನ್ನು ಕೂಡಿಕೊಂಡು ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಕಟ್ಟಿಹಾಕಿದರು. ಇಂದ್ರ ಸಿಟ್ಟಿನಿಂದ ಧ್ವಜದ ಕೋಲನ್ನೇ ಎತ್ತಿಕೊಂಡು ಅವರನ್ನು ಜರ್ಜರಗೊಳಿಸಿದ. ಆ ಕೋಲಿಗೆ ಜರ್ಜರವೆಂದೇ ಹೆಸರಾಯಿತು. ಆದರೂ ಉಪಟಳ ನಿಲ್ಲಲಿಲ್ಲ. ಆಗ ಬ್ರಹ್ಮ ವಿಶ್ವಕರ್ಮನಿಗೆ ಹೇಳಿ ನಾಟ್ಯಗೃಹವನ್ನು ಕಟ್ಟಿಸಿದ. ಅದರ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವತೆಯನ್ನು ಕಾವಲಿಟ್ಟ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಕೋಲು ಮತ್ತು ಕಾವಲಿನ ಕಥೆಯಾಗುತ್ತಿತ್ತು. ಆದರೆ ಮುಂದೆ ಒಂದು ಮಾತಿದೆ. ಇಷ್ಟೆಲ್ಲ ಆದ ಮೇಲೆ ಬ್ರಹ್ಮ ಸಾಮೋಪಾಯಕ್ಕೆ ತೊಡಗಿ, ಪ್ರಯೋಗವನ್ನು ಕೆಡಿಸಲು ಹೊರಟದ್ದೇಕೆಂದು ಆ ದೈತ್ಯರನ್ನೇ ಕೇಳುತ್ತಾನೆ. ನಾವೂ ನಿನ್ನಿಂದಲೇ ಹುಟ್ಟಿದವರು, ದೇವತೆಗಳಿಗಾಗಿ ನಮ್ಮನ್ನು ಹೀಗೆ ಅವಮಾನಗೊಳಿಸಬಹುದೆ ಎಂಬುದು ವಿರೂಪಾಕ್ಷನ ದೂರು. ಈ ನಾಟ್ಯ ದೇವತೆಗಳದೊಂದೇ ಅಲ್ಲ, ಮೂರು ಲೋಕಗಳ ಭಾವವೂ ಇದರಲ್ಲಿ ಸೇರಿದೆ ಎಂದು ಬ್ರಹ್ಮ ಸಮಾಧಾನ ಹೇಳುತ್ತಾನೆ. ಗದ್ದಲ ಮಾಡಿದವನನ್ನು ಮೊದಲು ಹೊಡೆದರು, ಆಮೇಲೆ ಗೋಡೆ ಕಟ್ಟಿದರು, ಎಲ್ಲಕ್ಕಿಂತ ಕೊನೆಗೆ ಮಾತನಾಡಿಸಿದರು. ಅಂದಿನಿಂದ ಇಂದಿನವರೆಗೆ ಪ್ರೇಕ್ಷಕನ ಶಿಸ್ತನ್ನು ಕುರಿತ ಚರ್ಚೆಯೆಲ್ಲ ಈ ಮೂರು ಮೆಟ್ಟಿಲುಗಳ ಮೇಲೆಯೇ ಹತ್ತಿ ಇಳಿಯುತ್ತಿದೆ.

ಚಿತ್ರಮಂದಿರದಲ್ಲಿ ಜನ ಸುಮ್ಮನೆ ಕೂಡುವುದಿಲ್ಲ ಎಂಬುದು ಇಂದು ವಿದ್ಯಾವಂತರಲ್ಲಿ ಸಾಮಾನ್ಯವಾದ ದೂರು. ಸಿಳ್ಳೆ, ಕೇಕೆ, ಫೋನಿನ ಕರೆ, ತಿಂಡಿಯ ಪೊಟ್ಟಣದ ಸರಪರ, ಹಿಂದಿನ ಸಾಲಿನವನ ಕಾಲು, ಮುಂದಿನ ಸಾಲಿನವನ ವ್ಯಾಖ್ಯಾನ—ಪಟ್ಟಿ ಉದ್ದವಾಗಿದೆ. ದೂರು ಸುಳ್ಳಲ್ಲ. ಆದರೆ ಎಲ್ಲ ಸದ್ದನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಅಶಿಸ್ತೆಂದು ಎಸೆದುಬಿಡುವುದು ನಮ್ಮ ಪರಂಪರೆಗೂ ಒಪ್ಪುವುದಿಲ್ಲ, ಅನುಭವಕ್ಕೂ ಒಪ್ಪುವುದಿಲ್ಲ. ಸದ್ದಿನಲ್ಲಿ ಎರಡು ಜಾತಿ. ಒಂದು ರಸದ ಕಡೆಗೆ ಮುಖ ಮಾಡಿದ್ದು. ಇನ್ನೊಂದು ರಸಕ್ಕೆ ಬೆನ್ನು ತಿರುಗಿಸಿದ್ದು. ಈ ಎರಡನ್ನೂ ಬೇರೆ ಮಾಡಿ ನೋಡುವ ವಿವೇಕವೇ ಪ್ರೇಕ್ಷಕಧರ್ಮದ ಮೊದಲ ಪಾಠ.

ಭರತನ ಲೆಕ್ಕ

ಭರತ ತನ್ನ ಗ್ರಂಥದ 27ನೆಯ ಅಧ್ಯಾಯವನ್ನು ಪ್ರಯೋಗದ ಸಿದ್ಧಿಗಾಗಿಯೇ ಮೀಸಲಿಟ್ಟಿದ್ದಾನೆ. ಆಟ ಗೆದ್ದಿತೆಂದು ತಿಳಿಯುವುದು ಹೇಗೆ? ಪ್ರೇಕ್ಷಕನ ಬಾಯಿಯಿಂದ ಮತ್ತು ಮೈಯಿಂದ ಎನ್ನುತ್ತಾನೆ ಆತ. ಮುಗುಳುನಗೆ, ಅರೆನಗೆ, ಬಿದ್ದುಬಿದ್ದು ನಗುವ ನಗೆ, ಮೆಚ್ಚಿಕೆಯ ಉದ್ಗಾರ, ಬೆರಗಿನ ಉದ್ಗಾರ, ಕರುಣದಲ್ಲಿ ಮರುಕದ ಉದ್ಗಾರ, ಎಲ್ಲರೂ ಒಟ್ಟಾಗಿ ಎಬ್ಬಿಸುವ ಭೋರೆಂಬ ನಾದ—ಇವು ವಾಚಿಕ. ಮೈ ನವಿರೇಳುವುದು, ಕುಳಿತಲ್ಲಿಂದ ಎದ್ದು ನಿಲ್ಲುವುದು, ಬಟ್ಟೆಯನ್ನೋ ಉಂಗುರವನ್ನೋ ಎಸೆದು ಕೊಡುವುದು—ಇವು ಶಾರೀರಿಕ. ಎರಡೂ ಮಾನುಷೀ ಸಿದ್ಧಿಯ ಗುರುತುಗಳು. ಅಂದರೆ ಇಂದು ನಾವು ಸಭ್ಯತೆಗೆ ಹೊರಗೆಂದು ತಿಳಿದಿರುವ ಎಷ್ಟೋ ವರ್ತನೆಗಳು ಭರತನ ಲೆಕ್ಕದಲ್ಲಿ ನಟನ ಗೆಲುವಿನ ಅಂಕಗಳು!

ಆದರೆ ಆತ ಅಷ್ಟಕ್ಕೇ ನಿಲ್ಲುವುದಿಲ್ಲ. ಇದಕ್ಕಿಂತ ಮಿಗಿಲಾದ ಇನ್ನೊಂದು ಸಿದ್ಧಿಯಿದೆ, ಅದು ದೈವಿಕೀ. ರಂಗಮಂದಿರ ಕಿಕ್ಕಿರಿದು ತುಂಬಿದೆ, ಆದರೂ ಸದ್ದಿಲ್ಲ, ಅಲುಗಾಟವಿಲ್ಲ. ಬರಿದಾದ ಮಂದಿರದ ನಿಶ್ಶಬ್ದಕ್ಕೆ ಬೆಲೆಯಿಲ್ಲ. ತುಂಬಿದ ಮಂದಿರದ ನಿಶ್ಶಬ್ದವೇ ದೈವಿಕವಾದದ್ದು. ಆ ಮೌನ ಯಾರೋ ಹೇರಿದ್ದಲ್ಲ, ತಾನಾಗಿ ಇಳಿದುಬಂದದ್ದು.

ಸಿದ್ಧಿಗೆ ಎದುರಾಗಿ ಘಾತಗಳನ್ನೂ ಆತ ಎಣಿಸಿದ್ದಾನೆ. ಗಾಳಿ, ಬೆಂಕಿ, ಮಳೆಗಳಿಂದ ಆಗುವ ಕೇಡು ಒಂದು ಬಗೆ. ಮತ್ಸರದಿಂದ ಬಂದು ಕೂಗಾಡುವುದು, ಹುಸಿನಗೆ ನಗುವುದು, ಸೆಗಣಿ, ಮಣ್ಣುಹೆಂಟೆ, ಇರುವೆಗಳನ್ನು ರಂಗದ ಮೇಲೆ ಎರಚುವುದು ಇನ್ನೊಂದು ಬಗೆ. ಮಾತು ಮರೆಯುವುದೇ ಮೊದಲಾಗಿ ನಟನೇ ಮಾಡಿಕೊಳ್ಳುವ ತಪ್ಪು ಮತ್ತೊಂದು. ಪ್ರೇಕ್ಷಕರೆಲ್ಲರ ರುಚಿ ಒಂದೇ ಆಗಿರದೆಂಬುದನ್ನೂ ಆತ ಬಲ್ಲ. ತರುಣರಿಗೆ ಶೃಂಗಾರ, ಶೂರರಿಗೆ ಕಾಳಗ, ವೃದ್ಧರಿಗೆ ಧರ್ಮಕಥೆ, ಪಂಡಿತರಿಗೆ ತತ್ವ. ಇವರೆಲ್ಲ ಒಂದೇ ಸೂರಿನಡಿ ಕುಳಿತಾಗ ಒಬ್ಬನ ಕೇಕೆ ಇನ್ನೊಬ್ಬನಿಗೆ ಕಿರಿಕಿರಿಯಾಗುವುದು ಸಹಜ. ಸಾವಿರಾರು ವರ್ಷ ಹಿಂದಿನ ಈ ಪಟ್ಟಿಯನ್ನು ಓದಿದ ಮೇಲೆ, ನಮ್ಮ ಕಾಲದ ಪ್ರೇಕ್ಷಕ ಕೆಟ್ಟುಹೋದನೆಂಬ ಕೊರಗು ತುಸು ಹಗುರಾಗುತ್ತದೆ.

ಬಯಲಿನಿಂದ ಡೇರೆಗೆ

ಬೆಳಗಾವಿ ಸೀಮೆಯ ಜನರಿಗೆ ಆಟ ನೋಡುವುದೆಂದರೆ ಆಟದಲ್ಲಿ ಪಾಲುಗೊಳ್ಳುವುದು. ಈ ಜಿಲ್ಲೆಯ ಕುಲಗೋಡ ತಮ್ಮಣ್ಣನ ಕೈಯಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತ, ಬೈಲಹೊಂಗಲದ ಕಡೆಯ ಸಂಗ್ಯಾ ಬಾಳ್ಯಾ—ಇವು ರಾತ್ರಿಯಿಡೀ ಬಯಲಿನಲ್ಲಿ ನಡೆಯುವ ಆಟಗಳು. ಮಕ್ಕಳು ಅಲ್ಲಿಯೇ ಮಲಗುತ್ತವೆ, ಅಲ್ಲಿಯೇ ಎದ್ದು ಅಳುತ್ತವೆ. ಚಹಾ ಕುಡಿಯಲು ಎದ್ದುಹೋದವನು ಅರ್ಧ ಗಂಟೆಯ ಮೇಲೆ ಬಂದು ಕಥೆಯನ್ನು ಸಲೀಸಾಗಿ ಕೂಡಿಕೊಳ್ಳುತ್ತಾನೆ. ಏಕೆಂದರೆ ಕಥೆ ಅವನಿಗೆ ಮೊದಲೇ ಗೊತ್ತು. ಪಾತ್ರಧಾರಿಯ ಹಾಡು ಮನಸ್ಸಿಗೆ ಬಂದರೆ ನೋಡುಗರಲ್ಲೊಬ್ಬ ಎದ್ದು ಆಯೇರಿ ಮಾಡುತ್ತಾನೆ. ಆಟ ನಿಲ್ಲಿಸಿ ಅವನ ಹೆಸರನ್ನು, ಕೊಟ್ಟ ಮೊತ್ತವನ್ನು ಸಾರುತ್ತಾರೆ. ರಸಭಂಗವಾಯಿತೆಂದು ಅಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ದೂತಿ ಮತ್ತೆ ಬಾಯಿ ತೆರೆದಳೆಂದರೆ ರಸ ಬಿಟ್ಟಲ್ಲಿಂದಲೇ ಹತ್ತಿಕೊಳ್ಳುತ್ತದೆ.

ಮುಂದೆ ಬಂದ ನಾಟಕ ಕಂಪನಿಗಳ ಕಾಲದಲ್ಲಿಯೂ ಈ ಕೊಡುಕೊಳೆ ನಿಲ್ಲಲಿಲ್ಲ. ಕನ್ನಡ ಮರಾಠಿಗಳೆರಡೂ ಕೂಡುವ ಈ ನೆಲದಲ್ಲಿ ರಂಗಭೂಮಿಯೂ ಕೂಡುನೆಲವೇ. ಉತ್ತರ ಕನ್ನಡದ ಕರ್ಕಿಯ ಯಕ್ಷಗಾನ ಮೇಳದ ಆಟವನ್ನು ಸಾಂಗಲಿಯಲ್ಲಿ ಕಂಡ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆ 1843ರಲ್ಲಿ ಸೀತಾಸ್ವಯಂವರವನ್ನು ಆಡಿಸಿ ಮರಾಠಿ ನಾಟಕಕ್ಕೆ ನಾಂದಿ ಹಾಡಿದರು. 1880ರಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಸಂಗೀತ ನಾಟಕಗಳಲ್ಲಿ ಪ್ರೇಕ್ಷಕರ 'ಒನ್ಸ್ ಮೋರ್' ಕೂಗು ನಾಟಕದ ಒಂದು ಅಂಗವೇ ಆಗಿತ್ತು. ಕೂಗಿದರೆ ನಟ ಹಾಡನ್ನು ಮತ್ತೆ ಹಾಡುತ್ತಿದ್ದ. ಇದೇ ಜಿಲ್ಲೆಯ ಏಣಗಿ ಬಾಳಪ್ಪನವರು ಜಗಜ್ಯೋತಿ ಬಸವೇಶ್ವರ ನಾಟಕದಲ್ಲಿ ಬಸವಣ್ಣನಾಗಿ ನಿಂತಾಗ ಜನ ಅವರಲ್ಲಿ ಬಸವಣ್ಣನನ್ನೇ ಕಂಡು ಕೈಮುಗಿದ ಮಾತನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಕೈಮುಗಿಯುವುದೂ ಒಂದು ಪ್ರತಿಕ್ರಿಯೆಯೇ. ಕೇಕೆಯ ಒಡಹುಟ್ಟು ಅದು.

ಇಂಥ ಪ್ರೇಕ್ಷಕ ಸಮಾಜದ ನಡುವೆ ಚಲನಚಿತ್ರ ಬಂದಿತು. 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಿತ್ರಗಳು ಕಂಡವು. 1913ರಲ್ಲಿ ಫಾಲ್ಕೆಯವರ ರಾಜಾ ಹರಿಶ್ಚಂದ್ರ ತೆರೆಗೆ ಬಂದಿತು. ಮೂಕಿ ಚಿತ್ರಗಳ ಕಾಲವೆಂದರೆ ಮಂದಿರವೂ ಮೂಕವಾಗಿತ್ತೆಂದು ತಿಳಿಯಬಾರದು. ಹಾರ್ಮೋನಿಯಂ ತಬಲಾಗಳು ಮಂದಿರದೊಳಗೇ ನುಡಿಯುತ್ತಿದ್ದವು. ತೆರೆಯ ಮೇಲೆ ಬರಹ ಬಂದಾಗ ಓದಬಲ್ಲವರು ಓದಲಾರದವರಿಗಾಗಿ ಗಟ್ಟಿಯಾಗಿ ಓದುತ್ತಿದ್ದರು. ಆಗ ಮಾತನಾಡುವುದೇ ಪ್ರೇಕ್ಷಕಧರ್ಮ. ಸುಮ್ಮನಿದ್ದ ವಿದ್ಯಾವಂತ ಸ್ವಾರ್ಥಿ! 1931ರಲ್ಲಿ ಆಲಂ ಆರಾ, 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ಬಂದ ಮೇಲೆ ಈ ಧರ್ಮ ತಲೆಕೆಳಗಾಯಿತು. ತೆರೆ ತಾನೇ ಮಾತನಾಡತೊಡಗಿದೊಡನೆ ಪ್ರೇಕ್ಷಕನ ಮಾತಿಗೆ ಗದ್ದಲವೆಂಬ ಹೆಸರು ಬಂದಿತು. ಸತಿ ಸುಲೋಚನ ತಯಾರಾದದ್ದು ದೂರದಲ್ಲೇನೂ ಅಲ್ಲ, ನಮ್ಮ ನೆರೆಯ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಾರಿಜಾತದ ಬಯಲಿನಲ್ಲಿಯೂ ಕಂಪನಿಯ ರಂಗದ ಮುಂದೆಯೂ ಎದ್ದ ಕೇಕೆ ನಟನ ಕಿವಿಗೆ ಮುಟ್ಟುತ್ತಿತ್ತು. ಅವನು ಅದಕ್ಕೆ ಉತ್ತರ ಕೊಡುತ್ತಿದ್ದ: ಹಾಡನ್ನು ಬೆಳೆಸುತ್ತಿದ್ದ, ಮಾತನ್ನು ಮೊಟಕುಗೊಳಿಸುತ್ತಿದ್ದ, ನಗೆ ಅಡಗುವವರೆಗೆ ಕಾಯುತ್ತಿದ್ದ. ಬೆಳ್ಳಿತೆರೆ ಮಾತನಾಡುತ್ತದೆ, ಆದರೆ ಅದಕ್ಕೆ ಕಿವಿಯಿಲ್ಲ. ನಾವು ನಗುತ್ತಿದ್ದೇವೆಂದು ಅದು ಮುಂದಿನ ಮಾತನ್ನು ತಡೆಯುವುದಿಲ್ಲ. ನಾವು ಸಿಳ್ಳೆ ಹೊಡೆದರೆ ತೆರೆಯ ಮೇಲಿನ ನಾಯಕ ತಿರುಗಿ ನೋಡುವುದಿಲ್ಲ. ತಿರುಗಿ ನೋಡುವವನು ಪಕ್ಕದ ಕುರ್ಚಿಯವನು. ನಾಟಕದಲ್ಲಿ ಪ್ರೇಕ್ಷಕನ ಸದ್ದು ನಟನೊಡನೆ ಸಂವಾದ. ಸಿನೆಮಾದಲ್ಲಿ ಅದು ಸಹಪ್ರೇಕ್ಷಕನೊಡನೆ ಸಂವಾದ. ಆದುದರಿಂದ ಸಹಪ್ರೇಕ್ಷಕನ ಒಪ್ಪಿಗೆ ಅದಕ್ಕೆ ಬೇಕು. ಚಿತ್ರಮಂದಿರದ ಶಿಷ್ಟಾಚಾರವೆಲ್ಲ ಹುಟ್ಟುವುದು ಈ ಒಂದು ವ್ಯತ್ಯಾಸದಿಂದ.

ಒಪ್ಪಿಗೆಯಿದ್ದಲ್ಲಿ ಸದ್ದು ಹಬ್ಬವಾಗುತ್ತದೆ. ಊರೂರಿಗೆ ಬರುತ್ತಿದ್ದ ಡೇರೆಯ ಟೂರಿಂಗ್ ಟಾಕೀಸುಗಳಲ್ಲಿ ನೆಲ, ಬೆಂಚು, ಕುರ್ಚಿ ಎಂದು ಮೂರು ತರಗತಿಗಳಿದ್ದವು. ನೆಲದವರು ತೆರೆಗೆ ಹತ್ತಿರ. ಸಿಳ್ಳೆ ಅವರದು, ತೂರಿದ ಚಿಲ್ಲರೆ ಕಾಸು ಅವರದು, ದೇವರು ಪ್ರತ್ಯಕ್ಷನಾದಾಗ ಬೆಳಗಿದ ಕರ್ಪೂರವೂ ಅವರದು. ಕುರ್ಚಿಯವರು ಹಿಂದೆ ಕುಳಿತು ಮೂಗು ಮುರಿಯುತ್ತಿದ್ದರು. ಆದರೆ 1954ರಲ್ಲಿ ಬಂದ ಬೇಡರ ಕಣ್ಣಪ್ಪನಲ್ಲಿ ರಾಜಕುಮಾರರನ್ನು ಮೊದಲು ತಮ್ಮವರನ್ನಾಗಿ ಮಾಡಿಕೊಂಡವರು ಈ ನೆಲದವರೇ ಎಂಬುದನ್ನು ಮರೆಯಲಾಗದು. ಓದುಬರಹವಿಲ್ಲದೆಯೂ ಕಾವ್ಯದ ಮರ್ಮವನ್ನು ಬಲ್ಲ ನಾಡವರನ್ನು 9ನೆಯ ಶತಮಾನದ ಕವಿರಾಜಮಾರ್ಗ ಕೊಂಡಾಡಿದೆ. ಆ ನಾಡವರ ಮೊಮ್ಮಕ್ಕಳು ಕುಳಿತದ್ದು ನೆಲದ ಮೇಲೆ. ಬಾಲ್ಕನಿಯ ಮೌನವೆಲ್ಲ ರಸಿಕತೆಯಲ್ಲ, ನೆಲದ ಸಿಳ್ಳೆಯೆಲ್ಲ ಅರಸಿಕತೆಯೂ ಅಲ್ಲ.

ಪಶ್ಚಿಮದ ಮೌನ

ಮೌನವಾಗಿ ಕೂಡುವುದು ಪಾಶ್ಚಾತ್ಯರ ಹುಟ್ಟುಗುಣ, ಗದ್ದಲ ನಮ್ಮ ಹುಟ್ಟುಗುಣ ಎಂಬ ತಿಳಿವಳಿಕೆಯೂ ಸರಿಯಲ್ಲ. ಶೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿ ಒಂದು ಪೆನ್ನಿ ಕೊಟ್ಟು ರಂಗದ ಮುಂದಿನ ಅಂಗಳದಲ್ಲಿ ನಿಂತು ನೋಡಿದವರು ನಮ್ಮ ನೆಲದವರಿಗಿಂತ ಶಾಂತರೇನೂ ಆಗಿರಲಿಲ್ಲ. 19ನೆಯ ಶತಮಾನದ ಪ್ಯಾರಿಸಿನ ಗೀತನಾಟಕಗಳಲ್ಲಿ ಚಪ್ಪಾಳೆ ತಟ್ಟಲು ಕೂಲಿಯ ತಂಡಗಳೇ ಇದ್ದವು. ಪ್ರೇಕ್ಷಕರನ್ನು ಕತ್ತಲಲ್ಲಿ ಕೂಡಿಸಿ ಗಮನವನ್ನೆಲ್ಲ ರಂಗದತ್ತ ತಿರುಗಿಸಿದ ದೊಡ್ಡ ಪ್ರಯತ್ನ, ಜರ್ಮನಿಯ ಬೈರಾಯ್ಟಿನಲ್ಲಿ 1876ರಲ್ಲಿ ವಾಗ್ನರ್ ತೆರೆದ ಮಂದಿರದ್ದು. 1882ರಲ್ಲಿ ಅಲ್ಲಿ ಪಾರ್ಸಿಫಲ್ ನಡೆದಾಗ ಚಪ್ಪಾಳೆ ಕೂಡದೆಂಬ ಭಾವನೆ ಎಷ್ಟು ಬಲಿಯಿತೆಂದರೆ, ಒಂದು ದೃಶ್ಯಕ್ಕೆ ಸ್ವತಃ ವಾಗ್ನರನೇ ಭೇಷ್ ಎಂದು ಕೂಗಿದಾಗ ಯಾರೆಂದು ತಿಳಿಯದ ಜನ ಅವನನ್ನೇ ಗದರಿಸಿ ಸುಮ್ಮನಾಗಿಸಿದರಂತೆ! ಹೇರಿದ ಮೌನ ಕರ್ತೃವನ್ನೂ ಬಿಡಲಿಲ್ಲ.

ಅಮೇರಿಕೆಯ ಆರಂಭಕಾಲದ ಚಿತ್ರಮಂದಿರಗಳಲ್ಲಿ ಹೆಂಗಸರ ದೊಡ್ಡ ಟೋಪಿಗಳು ಹಿಂದಿನವರ ಕಣ್ಣಿಗೆ ಅಡ್ಡವಾಗುತ್ತಿದ್ದವು. ದಯಮಾಡಿ ಟೋಪಿ ತೆಗೆಯಿರೆಂದು ತೆರೆಯ ಮೇಲೆ ಸೂಚನೆ ಬಿಡುತ್ತಿದ್ದರು. ಗ್ರಿಫಿತ್ 1909ರಲ್ಲಿ ಈ ಟೋಪಿಗಳ ಮೇಲೆಯೇ ಒಂದು ಕಿರುಚಿತ್ರ ಮಾಡಿ ನಗಿಸಿದ. ಚಿತ್ರದ ನಡುವೆ ಯಾವಾಗ ಬೇಕಾದರೂ ಒಳಗೆ ಬಂದು ಕೂಡುವ ವಾಡಿಕೆ ಅಲ್ಲಿ ದಶಕಗಳ ಕಾಲ ನಡೆಯಿತು. 1960ರಲ್ಲಿ ಹಿಚ್‌ಕಾಕ್ ತನ್ನ ಸೈಕೋ ಚಿತ್ರಕ್ಕೆ, ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಕಟ್ಟಪ್ಪಣೆ ಮಾಡಿದ್ದು ಆ ಕಾರಣಕ್ಕೇ ಸುದ್ದಿಯಾಯಿತು. ಅಲ್ಲಿಯವರೂ ಕಲಿತೇ ಸುಮ್ಮನಾದವರು. ಕಲಿತದ್ದನ್ನು ನಾವೂ ಕಲಿಯಬಹುದು. ಕಲಿಯುವಾಗ ನಮ್ಮದನ್ನು ಕಳೆದುಕೊಳ್ಳಬೇಕಾಗಿಲ್ಲ.

ಕಾನೂನು ಈ ಕೆಲಸವನ್ನು ಮಾಡಿಕೊಡಲಾರದು. ಚಿತ್ರಕ್ಕೆ ಮೊದಲು ರಾಷ್ಟ್ರಗೀತೆಯನ್ನು ನುಡಿಸಬೇಕು, ಎಲ್ಲರೂ ಎದ್ದು ನಿಲ್ಲಬೇಕು ಎಂದು ಸುಪ್ರೀಂ ಕೋರ್ಟು 2016ರ ನವೆಂಬರಿನಲ್ಲಿ ಆದೇಶಿಸಿತು. 2018ರ ಜನವರಿಯಲ್ಲಿ ನುಡಿಸುವುದನ್ನು ಐಚ್ಛಿಕವಾಗಿಸಿತು. ನಡುವಣ ದಿನಗಳಲ್ಲಿ ದೇಶದ ಹಲವೆಡೆ ನಿಂತವರು ಕುಳಿತವರನ್ನು ಗದರಿಸಿದ, ಹೊಡೆದ ಸುದ್ದಿಗಳನ್ನು ಓದಿದೆವು. ಗೌರವದ ಹೆಸರಿನಲ್ಲಿ ಹುಟ್ಟಿದ ಗದ್ದಲ ಅದು. ಇಂದ್ರನ ಕೋಲು ಯಾರ ಕೈಗೆ ಬಂದರೂ ಇಷ್ಟೇ.

ಕೈಯೊಳಗಿನ ಬೆಳಕು

ಹಾಗಾದರೆ ರಸಕ್ಕೆ ಬೆನ್ನು ತಿರುಗಿಸಿದ ಸದ್ದು ಯಾವುದು? ಇದಕ್ಕೆ ಉತ್ತರ ಅಭಿನವಗುಪ್ತನಲ್ಲಿದೆ. ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಈ ಕಾಶ್ಮೀರದ ಆಚಾರ್ಯ ರಸಾನುಭವಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು, ನಿಜಸುಖಾದಿವಿವಶೀಭಾವ. ಪ್ರೇಕ್ಷಕ ತನ್ನ ಮನೆಯ ಸುಖದುಃಖಗಳಲ್ಲಿಯೇ ಮುಳುಗಿ ಬಂದು ಕುಳಿತಿದ್ದರೆ ಅವನಿಗೆ ರಸ ದಕ್ಕದು ಎಂಬುದು ಇದರ ತಾತ್ಪರ್ಯ. ಹಾಡು, ವಾದ್ಯ, ಚಿತ್ರಿತವಾದ ಮಂಟಪ ಇವೆಲ್ಲ ಇರುವುದು ಈ ವಿಘ್ನವನ್ನು ಕಳೆದು, ಹೃದಯವಿಲ್ಲದವನನ್ನೂ ಸಹೃದಯನನ್ನಾಗಿ ಮಾಡುವುದಕ್ಕೆ.

ನಮ್ಮ ಕಾಲದ ಫೋನು ಈ ವಿಘ್ನದ ಅಚ್ಚುಕಟ್ಟಾದ ಯಂತ್ರರೂಪ. ಮಂದಿರದ ಬಾಗಿಲಲ್ಲಿ ಬಿಟ್ಟು ಬರಬೇಕಾದ ಮನೆ, ಅಂಗಡಿ, ಕಚೇರಿ, ಸಾಲ, ವ್ಯಾಜ್ಯ, ಮದುವೆಯ ಮಾತುಕತೆ ಎಲ್ಲವನ್ನೂ ಅದು ಅಂಗೈಯಲ್ಲಿ ಹೊತ್ತು ತರುತ್ತದೆ. ಅದು ಸದ್ದು ಮಾಡದಿದ್ದರೂ ಬೆಳಕು ಮಾಡುತ್ತದೆ. ಕತ್ತಲೆಯ ಮಂದಿರದಲ್ಲಿ ಒಂದು ಅಂಗೈಯಗಲದ ಬೆಳಕು ಹಿಂದಿನ ಹತ್ತು ಜನರ ಕಣ್ಣನ್ನು ಎಳೆಯುತ್ತದೆ. ನಾಯಕ ತೆರೆಗೆ ಬಂದಾಗ ನೂರು ಜನ ಒಟ್ಟಿಗೆ ಕೂಗಿದರೆ ಅದು ಭರತನು ಹೇಳಿದ ಭೋರೆಂಬ ನಾದ; ಅದರಲ್ಲಿ ನೂರು ಜನವೂ ತೆರೆಯ ಕಡೆಗೇ ಇದ್ದಾರೆ. ತಾಯಿಯ ಸಾವಿನ ದೃಶ್ಯದಲ್ಲಿ ಒಬ್ಬ ಮೆಲುದನಿಯಲ್ಲಿ ನಾಳಿನ ಬಾಡಿಗೆ ಗಾಡಿಯ ದರ ಚೌಕಾಶಿ ಮಾಡಿದರೆ, ದನಿ ಎಷ್ಟು ಮೆಲುವಾದರೂ, ಅವನು ಆ ಮಂದಿರದಲ್ಲಿ ಇಲ್ಲ. ಇಲ್ಲದವನು ಇದ್ದವರನ್ನೂ ಹೊರಗೆಳೆಯುತ್ತಾನೆ. ಅಶಿಸ್ತನ್ನು ಸದ್ದಿನ ಎತ್ತರದಿಂದ ಅಳೆಯಬಾರದು, ಅದು ನೋಡುವ ದಿಕ್ಕಿನಿಂದ ಅಳೆಯಬೇಕು.

ದಿಕ್ಕು ಸರಿಯಿದ್ದರೂ ಮೇರೆ ತಪ್ಪುವುದುಂಟು. 2022ರ ಸೆಪ್ಟೆಂಬರ್ 30ರಂದು ತೆರೆಕಂಡ ಕಾಂತಾರ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಕೊನೆಯ ಭಾಗದಲ್ಲಿ ಎಷ್ಟೋ ಮಂದಿರಗಳಲ್ಲಿ ಭರತ ಹೇಳಿದ ದೈವಿಕೀ ಸಿದ್ಧಿಯೇ ಇಳಿದಂತಾಯಿತು. ತುಂಬಿದ ಜನ, ಮಿಸುಕದ ಮೈ. ಆದರೆ ಚಿತ್ರದಲ್ಲಿ ಬರುವ ದೈವದ ಕೂಗನ್ನು ಹೊರಗೆ ಬಂದವರು ಬೀದಿಯಲ್ಲಿ ಕೂಗತೊಡಗಿದರು. ಅದು ತುಳುನಾಡಿನವರ ನಂಬಿಕೆಯ ಭಾಗ, ಅದನ್ನು ಅಣಕಿಸಬೇಡಿರೆಂದು ನಿರ್ದೇಶಕ ರಿಷಬ್ ಶೆಟ್ಟಿಯವರೇ ಕೇಳಿಕೊಳ್ಳಬೇಕಾಯಿತು. 2025ರ ಅಕ್ಟೋಬರಿನಲ್ಲಿ ಅದರ ಹಿಂದಿನ ಕಥೆಯ ಚಿತ್ರ ಬಂದಾಗ ಕೆಲವರು ದೈವದ ವೇಷ ತೊಟ್ಟು ಮಂದಿರದೊಳಗೇ ಕುಣಿದರು. ಆಗಲೂ ನಿರ್ಮಾಪಕರು ಬೇಡವೆಂದು ವಿನಂತಿಸಿದರು. ಆವೇಶ ಪ್ರಾಮಾಣಿಕವಾಗಿರಬಹುದು. ಆದರೆ ಮಂದಿರದಲ್ಲಿ ಅದೇ ದೈವವನ್ನು ಮನೆಯಲ್ಲಿ ನಂಬಿ ನಡೆಯುವ ಇನ್ನೊಬ್ಬ ಕುಳಿತಿರುತ್ತಾನೆ. ರಸ ಎಲ್ಲರದು, ನಂಬಿಕೆ ಅವನದು. ವಿರೂಪಾಕ್ಷನ ದೂರು ಇಲ್ಲಿ ಮತ್ತೆ ಕೇಳಿಬರುತ್ತದೆ, ಈ ಸಲ ಗದ್ದಲ ಮಾಡಿದವನ ಬಾಯಿಂದಲ್ಲ, ಸುಮ್ಮನೆ ಕುಳಿತವನ ಮನಸ್ಸಿನಿಂದ.

ಪಿಸುಮಾತು ಮತ್ತು ಕೊನೆಯ ಬಸ್ಸು

ಇನ್ನು ನಮ್ಮ ಕಡೆಯ ಎರಡು ಸದ್ದುಗಳನ್ನು ಹೇಳದೆ ಈ ಲೇಖನ ಪೂರ್ಣವಾಗದು. ಜಾಂಬೋಟಿ, ಬೆಳಗಾವಿಯಿಂದ ಗೋವೆಗೆ ಚೋರ್ಲಾ ಘಾಟಿನ ಮೂಲಕ ಹೋಗುವ ದಾರಿಯಲ್ಲಿದೆ; ಅದೇ ದಾರಿಯಲ್ಲಿ ಮುಂದೆ ಮಲಪ್ರಭೆ ಹುಟ್ಟುವ ಕಣಕುಂಬಿ. ಕಾಡು, ಮಳೆ, ಮೂರು ಭಾಷೆಗಳ ನಾಡು ಇದು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕುಳಿತವರಿಗೆ ಪಕ್ಕದವರ ಮಾತೇ ಕೇಳಿಸದು. ನಮ್ಮವರಿಗೆ ದೊಡ್ಡ ತೆರೆಯ ಸಿನೆಮಾ ಎಂದರೆ ಸುಮಾರು 30 ಕಿಲೋಮೀಟರ್ ಆಚೆಯ ಬೆಳಗಾವಿಯೇ. ಮನೆಯಲ್ಲಿ ಮರಾಠಿಯನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಹಿಂದಿ ಚಿತ್ರವನ್ನು ಮೆಚ್ಚಿ ನೋಡುವ ಜನ.

ಆದ್ದರಿಂದ ನಮ್ಮ ಮಂದಿರಗಳಲ್ಲಿ ಒಂದು ಪಿಸುಮಾತು ಸದಾ ಇರುತ್ತದೆ. ಅದು ಅನುವಾದದ ಪಿಸುಮಾತು. ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಒಂದು ಮಂದಿರದಲ್ಲಿ ಕನ್ನಡ ಚಿತ್ರ ನೋಡುವಾಗ ನನ್ನ ಹಿಂದಿನ ಸಾಲಿನಲ್ಲಿ ಒಬ್ಬ ಮುದುಕಿ ಮಾತುಮಾತಿಗೂ 'ಕಾಯ್ ಮ್ಹಣತೋ?' ಎಂದು ಮೊಮ್ಮಗನನ್ನು ಕೇಳುತ್ತಿದ್ದಳು. ಅವನು ಮರಾಠಿಯಲ್ಲಿ ಅವಳ ಕಿವಿಗೆ ಹೇಳುತ್ತಿದ್ದ. ಮುಂದೆ ಕುಳಿತ ಗೃಹಸ್ಥರೊಬ್ಬರು ಗದರಿಸಲೆಂದೇ ತಿರುಗಿದರು. ಮುಖ ಕಂಡ ಮೇಲೆ ತೆಪ್ಪಗೆ ಮುಂದೆ ನೋಡಿದರು. ಆಮೇಲೊಂದು ನಗೆಯ ಮಾತು ಬಂತು. ಮಂದಿರವೆಲ್ಲ ನಕ್ಕು ಸುಮ್ಮನಾದ ಮೇಲೆ, ಅನುವಾದ ಮುಟ್ಟಿ, ಮುದುಕಿ ಒಬ್ಬಳೇ ಘೊಳ್ಳೆಂದು ನಕ್ಕಳು. ಅವಳ ನಗೆಗೆ ನಮ್ಮ ಸಾಲೆಲ್ಲ ಇನ್ನೊಮ್ಮೆ ನಕ್ಕಿತು. ಆ ಗೃಹಸ್ಥರೂ ನಕ್ಕರು. ಭಾಷೆಯ ಹೆಸರಿನಲ್ಲಿ ಹೊರಗೆ ಎಷ್ಟೆಷ್ಟೋ ಜಗಳ ಕಂಡಿರುವ ಈ ಗಡಿಯ ಊರಿನಲ್ಲಿ ಕತ್ತಲೆಯೊಳಗೆ ಎರಡು ಭಾಷೆಯವರು ಒಂದೇ ಮಾತಿಗೆ ನಗುವುದು ಸಣ್ಣ ಸಂಗತಿಯಲ್ಲ. ಅಲ್ಲಿ ಶಿಸ್ತೆಂದು ಗದರಿಸಿದ್ದರೆ ಆ ಮುದುಕಿ ಮತ್ತೆ ಕನ್ನಡ ಚಿತ್ರಕ್ಕೆ ಬರುತ್ತಿದ್ದಳೆ?

ಎರಡನೆಯದು ಕೊನೆಯ ಬಸ್ಸಿನ ಸದ್ದು. ಚಿತ್ರ ಮುಗಿಯಲು ಹತ್ತು ನಿಮಿಷ ಇದೆಯೆನ್ನುವಾಗ ಅಲ್ಲಲ್ಲಿ ಕುರ್ಚಿಗಳು ಕಟಕಟನೆ ಮಡಚಿಕೊಳ್ಳುತ್ತವೆ. ಎದ್ದವರು ರಸಹೀನರೆಂದು ಪಟ್ಟಣಿಗರು ತಿಳಿಯುತ್ತಾರೆ. ಅವರು ಹಳ್ಳಿಯವರು, ಬಸ್ಸು ತಪ್ಪಿದರೆ ರಾತ್ರಿ ನಿಲ್ದಾಣದಲ್ಲೇ ಕಳೆಯಬೇಕು. ಬಾಗಿಲ ಬಳಿ ನಿಂತು ಹಿಂದಿರುಗಿ ನೋಡುತ್ತ, ಇನ್ನೊಂದು ನಿಮಿಷ, ಇನ್ನೊಂದು ನಿಮಿಷ ಎಂದು ತಡೆದು ಹೋಗುವ ಅವರ ಮುಖವನ್ನು ಕಂಡವರು ಅದನ್ನು ಅಶಿಸ್ತೆನ್ನಲಾರರು. ಅಂಥವರು ಸಾಲಿನ ಅಂಚಿನ ಕುರ್ಚಿಯನ್ನು ಹಿಡಿದರೆ ಉಳಿದವರಿಗೆ ಉಪಕಾರ. ಕೊನೆಯ ಬಸ್ಸಿನ ವೇಳೆಯನ್ನು ನೋಡಿ ಆಟದ ವೇಳೆಯನ್ನು ಗೊತ್ತುಮಾಡಿದರೆ ಮಂದಿರದವರಿಂದ ಇವರಿಗೆ ಉಪಕಾರ. ಅಳುವ ಕೂಸಿನ ತಾಯಿಯ ಮಾತೂ ಹಾಗೆಯೇ. ಕೇರಳದ ತಿರುವನಂತಪುರದಲ್ಲಿ ಸರಕಾರಿ ಚಿತ್ರಮಂದಿರವೊಂದು 2022ರಲ್ಲಿ ಗಾಜಿನ ಹಿಂದೆ ತಾಯಂದಿರಿಗಾಗಿ ಬೇರೆ ಕೋಣೆಯನ್ನೇ ಮಾಡಿತು. ಕೂಸು ಅತ್ತರೂ ತಾಯಿ ಚಿತ್ರ ನೋಡಬಹುದು, ಹೊರಗಿನವರಿಗೆ ಸದ್ದಿಲ್ಲ. ಇದು ಕೋಲೂ ಅಲ್ಲ, ಬೈಗುಳೂ ಅಲ್ಲ, ಬ್ರಹ್ಮನ ಸಾಮೋಪಾಯ.

ನೀಲಾಂಜನೆಯನ್ನು ಕಂಡವನು

ಇಷ್ಟು ಹೇಳಿದ ಮೇಲೆ ಮೌನದ ಪಕ್ಷವನ್ನೂ ಎತ್ತಿಹಿಡಿಯದಿದ್ದರೆ ನ್ಯಾಯವಾಗದು. ಪಂಪನ ಆದಿಪುರಾಣದಲ್ಲಿ ಆದಿದೇವನ ಸಭೆಯಲ್ಲಿ ನೀಲಾಂಜನೆ ನರ್ತಿಸುವ ಪ್ರಸಂಗವಿದೆ. ನೃತ್ಯದ ನಡುವೆಯೇ ಅವಳ ಆಯುಸ್ಸು ತೀರಿ ಅವಳು ಮಾಯವಾಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರ ಕ್ಷಣಮಾತ್ರದಲ್ಲಿ ಅವಳಂಥವಳನ್ನೇ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆ ಏನನ್ನೂ ಕಾಣಲಿಲ್ಲ, ನೃತ್ಯ ನಡೆಯಿತೆಂದೇ ತಿಳಿಯಿತು. ಕಂಡವನು ಆದಿದೇವನೊಬ್ಬ. ಆ ಒಂದು ಕ್ಷಣವನ್ನು ಕಂಡದ್ದರಿಂದಲೇ ಅವನ ಬಾಳಿನ ದಾರಿ ಬದಲಾಯಿತು. ರಾಜ್ಯವನ್ನು ಬಿಟ್ಟು ಹೊರಟ. 10ನೆಯ ಶತಮಾನದ ಕನ್ನಡ ಕವಿ ಕಟ್ಟಿದ ಈ ದೃಶ್ಯ ಪ್ರೇಕ್ಷಕಧರ್ಮದ ಪರಮಾವಧಿ. ಕಲೆಯಲ್ಲಿ ಮುಖ್ಯವಾದದ್ದು ಎಷ್ಟೋ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ. ಒಂದು ನೋಟ, ತಡೆದ ಒಂದು ಉಸಿರು, ಬಾಗಿಲು ಮುಚ್ಚಿದ ಒಂದು ಸಣ್ಣ ಸಪ್ಪಳ. ಅದೇ ಗಳಿಗೆಯಲ್ಲಿ ಪಕ್ಕದವನ ಫೋನು ಹಾಡಿದರೆ ಹೋದದ್ದು ಹೋಯಿತು. ಬೆಳ್ಳಿತೆರೆ 'ಒನ್ಸ್ ಮೋರ್' ಕೇಳಿಸಿಕೊಳ್ಳುವುದಿಲ್ಲ. ನಾವು ಕಳೆದುಕೊಂಡದ್ದು ಏನೆಂಬುದೂ ನಮಗೆ ತಿಳಿಯುವುದಿಲ್ಲ. ಗದ್ದಲದಿಂದಾಗುವ ನಿಜವಾದ ನಷ್ಟ ಇದು.

ಇಂಥ ನೋಟ ಹುಟ್ಟಿನಿಂದ ಬರುವುದಿಲ್ಲ, ಶ್ರೀಮಂತಿಕೆಯಿಂದಲೂ ಬರುವುದಿಲ್ಲ, ಅಭ್ಯಾಸದಿಂದ ಬರುತ್ತದೆ. ಇದಕ್ಕೆ ಕನ್ನಡನಾಡಿನಲ್ಲಿಯೇ ಸಾಕ್ಷಿಯಿದೆ. ಮಲೆನಾಡಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಮತ್ತು ಅವರ ಗೆಳೆಯರು ನೀನಾಸಂ ಚಿತ್ರಸಮಾಜವನ್ನು 1973ರಲ್ಲಿ ಆರಂಭಿಸಿ, ಆ ದಶಕದ ಕೊನೆಯ ವರ್ಷಗಳಲ್ಲಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ಹಳ್ಳಿಗರ ಮುಂದೆ ಇಟ್ಟರು. ಭಾಷೆ ಬಾರದು, ಕಥೆ ಪರದೇಶದ್ದು, ಹಾಡಿಲ್ಲ, ಕುಣಿತವಿಲ್ಲ. ಕನ್ನಡದಲ್ಲಿ ಮೊದಲೇ ನಾಲ್ಕು ಮಾತು ಪರಿಚಯ ಹೇಳಿ, ನೋಡಿದ ಮೇಲೆ ಚರ್ಚೆ ಮಾಡಿದರು. ಹಳ್ಳಿಗರು ಕುಳಿತು ನೋಡಿದರು. ಅಲ್ಲಿ ಯಾರೂ ಕೋಲು ಹಿಡಿದು ನಿಂತಿರಲಿಲ್ಲ. ನೋಡುವವನನ್ನು ಗೌರವಿಸಿದರೆ ಅವನೂ ನೋಟವನ್ನು ಗೌರವಿಸುತ್ತಾನೆ.

ನಮ್ಮ ಶಾಲೆ ಕಾಲೇಜುಗಳಲ್ಲಿ ಕಾವ್ಯವನ್ನು ಓದುವ ಬಗೆಯನ್ನು ಕಲಿಸುತ್ತೇವೆ. ಚಿತ್ರವನ್ನು ನೋಡುವ ಬಗೆಯನ್ನು ಕಲಿಸುವುದಿಲ್ಲ. ಓದುವುದಕ್ಕಿಂತ ಹೆಚ್ಚಾಗಿ ನೋಡುವುದರಲ್ಲಿಯೇ ಬೆಳೆಯುವ ಈ ತಲೆಮಾರಿಗೆ ಇದು ದೊಡ್ಡ ಕೊರತೆ. ಎರಡು ತಿಂಗಳಿಗೊಮ್ಮೆಯಾದರೂ ಒಂದು ಚಿತ್ರವನ್ನು ತರಗತಿಯ ಎಲ್ಲರೂ ಕೂಡಿ, ಫೋನುಗಳನ್ನು ಮೇಜಿನ ಮೇಲಿರಿಸಿ, ಆರಂಭದಿಂದ ಕೊನೆಯ ಹೆಸರಿನವರೆಗೆ ನೋಡಿ, ಅರ್ಧ ಗಂಟೆ ಮಾತನಾಡುವುದು ಯಾವ ಕಾಲೇಜಿಗೂ ಭಾರವಲ್ಲ. ನಗೆ ಬಂದಾಗ ನಗಲಿ, ಕಣ್ಣೀರು ಬಂದಾಗ ಅಳಲಿ, ಮೆಚ್ಚಿದಾಗ ಚಪ್ಪಾಳೆ ತಟ್ಟಲಿ. ಕೂಡಿ ನೋಡುವುದೇ ಒಂದು ವಿದ್ಯೆಯೆಂಬುದು ಮನಸ್ಸಿಗೆ ಬಂದರೆ ಸಾಕು.

ಮನೆಮನೆಯಲ್ಲಿ ಸಣ್ಣ ತೆರೆ ಬಂದು, ಒಂಟಿ ತೆರೆಯ ಹಳೆಯ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕುತ್ತಿರುವ ಈ ಕಾಲದಲ್ಲಿ, ಗುರುತು ಪರಿಚಯವಿಲ್ಲದ ನಾನೂರು ಜನ ಒಂದು ಕತ್ತಲೆಯಲ್ಲಿ ಕೂಡಿ ಕುಳಿತು ಒಂದೇ ನೋವಿಗೆ ಮರುಗುವ ಸ್ಥಳಗಳು ನಮಗೆ ಎಷ್ಟು ಉಳಿದಿವೆ? ಗದ್ದಲಕ್ಕೆ ಬೇಸತ್ತು ಒಬ್ಬ ಮನೆಯಲ್ಲಿ ಉಳಿದರೂ ಮಂದಿರ ಅಷ್ಟು ಬರಿದಾಗುತ್ತದೆ. ಗದರಿಕೆಗೆ ನೊಂದು ಒಬ್ಬಳು ಮನೆಯಲ್ಲಿ ಉಳಿದರೂ ಅಷ್ಟೇ ಬರಿದಾಗುತ್ತದೆ. ಮುಂದಿನ ಸಲ ಪಕ್ಕದವನ ಅಂಗೈ ಬೆಳಗಿದಾಗ ಹಲ್ಲು ಕಡಿಯುವುದು ಬೇಡ, ಬೈಯುವುದೂ ಬೇಡ. ನಮ್ಮ ಕಡೆಯ ಮಾತಿನಲ್ಲಿಯೇ, 'ಅಣ್ಣಾರ, ಚಲೋ ಭಾಗ ಬಂದೈತಿ, ಒಂದೀಟು ಅದನ್ನ ಕಿಸೆದಾಗ ಇಟ್ಟು ನೋಡ್ರಿ' ಎಂದು ಹೇಳಿ ನೋಡೋಣ. ಹತ್ತರಲ್ಲಿ ಎಂಟು ಜನ ಇಡುತ್ತಾರೆ. ಉಳಿದಿಬ್ಬರಿಗಾಗಿ ಜರ್ಜರವನ್ನು ಹುಡುಕುವ ಮೊದಲು ಅವರ ಪಕ್ಕದಲ್ಲಿ ಇನ್ನೊಂದು ಚಿತ್ರ ನೋಡುವಷ್ಟು ತಾಳ್ಮೆ ನಮಗಿರಲಿ.